ಚಳಿಗಾಲದ ಬೆಂಕಿ: ಗಾಡಿ ಬರುವ ಮುಂಚಿನ ಮುಕ್ಕಾಲು ಗಂಟೆ

(ಸಂಘದ ಬೆಳ್ಳಿಹಬ್ಬದ ಸದಸ್ಯರ ಸಭೆಯಲ್ಲಿ, ತಾಲ್ಲೂಕಿನ ಅಗ್ನಿಶಾಮಕ ಸೇವೆಯಿಂದ ನಿವೃತ್ತರಾದವರ ಪರವಾಗಿ ಮಾಡಿದ ಭಾಷಣ. ಸಂಚಿಕೆಗಾಗಿ ಬರೆದು ಕೊಟ್ಟದ್ದು.)



ಬೆಳ್ಳಿಹಬ್ಬ ಅಂದರೆ ಸಾಮಾನ್ಯವಾಗಿ ಹಾರ, ಶಾಲು, ಹೊಗಳಿಕೆಯ ಮಾತು. ಅದೆಲ್ಲ ಬೆಳಗ್ಗೆಯೇ ಆಗಿದೆ, ಆಗಬೇಕಾದದ್ದೇ. ಒಂದು ಹಳ್ಳಿಯ ಸಂಘ ಇಪ್ಪತ್ತೈದು ವರ್ಷ ಬಾಗಿಲು ಹಾಕದೆ ನಡೆಯುವುದು ಸಣ್ಣ ಮಾತಲ್ಲ. ನಮ್ಮನ್ನು ಕರೆಯಲು ಬಂದಾಗ ಕಾರ್ಯದರ್ಶಿಗಳು ಎರಡು ಷರತ್ತು ಹಾಕಿದರು. "ನಮ್ಮ ಸದಸ್ಯರಿಗೆ ಉಪಯೋಗಕ್ಕೆ ಬರುವಂಥದ್ದು ಹೇಳಬೇಕು, ಊಟದ ಹೊತ್ತಿಗೆ ಮುಗಿಸಬೇಕು" ಅಂತ. ನಮಗೆ ಗೊತ್ತಿರುವುದು ಒಂದೇ ವಿಷಯ, ಬೆಂಕಿ. ಸರ್ವಿಸಿನಲ್ಲಿದ್ದಷ್ಟು ಕಾಲ ಈ ಭಾಗದ ಊರುಗಳಿಗೆ ಗಂಟೆ ಬಾರಿಸಿಕೊಂಡು ಬಂದವರು ನಾವು. ಬಂದಾಗ ಏನು ಕಂಡೆವು, ನಾವು ಬರುವುದಕ್ಕೆ ಮುಂಚೆ ಏನು ಮಾಡಿದ್ದರೆ ಮನೆ ಉಳಿಯುತ್ತಿತ್ತು ಎನ್ನುವುದನ್ನಷ್ಟೇ ಹೇಳುತ್ತೇವೆ.

ನಮ್ಮ ಜನರಲ್ಲಿ ಒಂದು ತಿಳುವಳಿಕೆ ಇದೆ, ಬೆಂಕಿ ಅಂದರೆ ಬೇಸಿಗೆಯ ಕಷ್ಟ ಅಂತ. ಕಾಡಿಗೆ, ಬೇಣಕ್ಕೆ ಬೀಳುವ ಬೆಂಕಿ ಬೇಸಿಗೆಯದು, ಒಪ್ಪೋಣ. ಮನೆಗೆ, ಕೊಟ್ಟಿಗೆಗೆ ಬೀಳುವ ಬೆಂಕಿಯ ಹಂಗಾಮು ಬೇರೆ. ನಾವು ಕಂಡ ಮಟ್ಟಿಗೆ ಅದು ದೀಪಾವಳಿ ಕಳೆದ ಮೇಲೆ ಶುರುವಾಗುತ್ತದೆ. ಯಾಕೆ ಅಂತ ಸ್ವಲ್ಪ ಯೋಚನೆ ಮಾಡಿ. ಮಳೆಗಾಲದಲ್ಲಿ ಮಲೆನಾಡಿನ ಮನೆಗೆ ಬೆಂಕಿ ಹಚ್ಚಬೇಕೆಂದರೂ ಹತ್ತುವುದಿಲ್ಲ. ಸೌದೆ ಹಸಿ, ಗೋಡೆ ಹಸಿ, ಬೆಂಕಿಪೊಟ್ಟಣವೂ ಹಸಿ. ಅದೇ ಮನೆಯನ್ನು ಡಿಸೆಂಬರಿನಲ್ಲಿ ನೋಡಿ. ಜಡಿಮಳೆ ಹೊಡೆಯದಿರಲಿ ಎಂದು ಗೋಡೆಗೆ ಕಟ್ಟಿದ್ದ ಸೋಗೆಯ ತಟ್ಟಿ, ಬಿಚ್ಚಲು ಪುರುಸೊತ್ತಾಗದೆ ಹಾಗೇ ಒಣಗಿ ನಿಂತಿರುತ್ತದೆ. ಅಂಗಳದಲ್ಲಿ ಅಡಿಕೆ ಸಿಪ್ಪೆಯ ರಾಶಿ, ಕೊಟ್ಟಿಗೆ ಪಕ್ಕ ಹುಲ್ಲಿನ ಗೊಣಬೆ, ಮಾಳಿಗೆಯ ಮೇಲೆ ಹಾಳೆ, ಹಳೆ ಗೋಣಿ, ಕೊಬ್ಬರಿ ಸಿಪ್ಪೆ. ಇಷ್ಟು ಒಣ ಸಾಮಾನಿನ ನಡುವೆ ಒಂದೇ ಮನೆಯಲ್ಲಿ ಎಷ್ಟು ಕಡೆ ಬೆಂಕಿ ಇರುತ್ತದೆ ಲೆಕ್ಕ ಹಾಕಿ. ಅಡುಗೆ ಒಲೆ ಒಂದು, ಬಚ್ಚಲೊಲೆ ಇನ್ನೊಂದು, ಅಡಿಕೆ ಬೇಯಿಸುವ ಒಲೆ ಮತ್ತೊಂದು, ಸೊಳ್ಳೆಗೆಂದು ಕೊಟ್ಟಿಗೆಯಲ್ಲಿ ಹಾಕಿದ ಹೊಗೆ, ಅಜ್ಜಿಯ ಮಂಚದ ಪಕ್ಕ ಅಗ್ಗಿಷ್ಟಿಕೆ, ಬೆಳಗಿನ ಜಾವ ಮೈ ಕಾಯಿಸಲು ಅಂಗಳದಲ್ಲಿ ತರಗೆಲೆಯ ಬೆಂಕಿ. ಆರು ಬೆಂಕಿ! ನೋಡಿಕೊಳ್ಳುವವರು ಹಗಲೆಲ್ಲ ಕೊಯ್ಲು, ಒಕ್ಕಲು ಮಾಡಿ ದಣಿದ ಎರಡು ಜನ. ಚಳಿ ಅಂತ ಕಿಟಕಿ ಬಾಗಿಲೆಲ್ಲ ಹಾಕಿ, ತಲೆತುಂಬ ಹೊದ್ದು ಮಲಗಿರುತ್ತಾರೆ.

ಇದರಲ್ಲಿ ನಮಗೆ ಹೆಚ್ಚು ಕೆಲಸ ಕೊಟ್ಟದ್ದು ಬಚ್ಚಲೊಲೆ. ಅಡುಗೆ ಒಲೆಯ ಎದುರು ಒಬ್ಬರು ಕೂತಿರುತ್ತಾರೆ. ಬಚ್ಚಲೊಲೆಯ ಎದುರು ಯಾರೂ ಕೂರುವುದಿಲ್ಲ, ಅದಕ್ಕೆ ಸೌದೆ ತುರುಕಿ ಹೋಗುವುದೇ ಪದ್ಧತಿ. ಬೆಳಗ್ಗೆ ಎದ್ದಾಗ ಹಂಡೆಯ ನೀರು ಬಿಸಿ ಇರಲಿ ಅಂತ ರಾತ್ರಿ ಮಲಗುವಾಗ ಒಂದು ಉದ್ದನೆಯ ಕುಂಟೆ ನೂಕಿಡುತ್ತೇವೆ. ಅದರ ಅರ್ಧ ಒಲೆಯೊಳಗೆ, ಅರ್ಧ ಹೊರಗೆ. ಒಳಗಿನ ಭಾಗ ಉರಿದು ಬೂದಿಯಾದಂತೆ ಬೆಂಕಿ ಹಿಂದಕ್ಕೆ ಸರಿಯುತ್ತದೆ. ಒಂದು ಹೊತ್ತಿನಲ್ಲಿ ಹೊರಗಿನ ಭಾರಕ್ಕೆ ಕುಂಟೆ ಕೆಂಡದ ಸಮೇತ ಹೊರಳಿ ನೆಲಕ್ಕೆ ಬೀಳುತ್ತದೆ. ನೆಲದಲ್ಲಿ ಏನಿರುತ್ತದೆ? ನಾಳೆಗೆ ಬೇಕೆಂದು ಒಲೆಯ ಬಾಯಿಯ ಪಕ್ಕದಲ್ಲೇ ಒಟ್ಟಿದ ಸೋಗೆ, ಹಾಳೆ, ಸಿಪ್ಪೆ. ಅದರ ಮೇಲೆ ಹಗ್ಗದಲ್ಲಿ ಒಣಗಲು ಹಾಕಿದ ಬಟ್ಟೆ. ಬಟ್ಟೆಯ ಮೇಲೆ ಮಾಡಿನ ಪಕಾಸಿ. ಬೆಂಕಿಗೆ ಮೆಟ್ಟಿಲು ಕಟ್ಟಿಕೊಟ್ಟ ಹಾಗೆ! ರಾತ್ರಿ ಎರಡು ಗಂಟೆಗೆ ಹೆಂಚು ಸಿಡಿಯುವ ಸದ್ದಿಗೆ ಮನೆಯವರಿಗೆ ಎಚ್ಚರವಾಗುವುದು.

ಇದಕ್ಕೆ ಉಪಾಯ ಕಾಸು ಖರ್ಚಿಲ್ಲದ್ದು. ಕುಂಟೆಯನ್ನು ಪೂರ್ತಿ ಒಳಗೆ ಹೋಗುವಷ್ಟು ಗಿಡ್ಡ ಕಡಿಯಿರಿ. ಒಲೆಯ ಬಾಯಿಗೆ ಒಂದು ತಗಡು ಅಡ್ಡ ಇಡಿ, ಹಳೆ ಎಣ್ಣೆ ಡಬ್ಬ ಕತ್ತರಿಸಿದರೂ ಸಾಕು. ಒಲೆಯ ಎದುರು ಎರಡು ಮಾರು ಜಾಗ ಗುಡಿಸಿ ಖಾಲಿ ಇಡಿ. ಸೌದೆ, ಸೋಗೆ ಬೇಕಾದರೆ ನಾಲ್ಕು ಹೆಜ್ಜೆ ನಡೆದು ತನ್ನಿ. ಬೂದಿಯನ್ನು ಒಲೆಯಿಂದ ತೆಗೆದ ಕೂಡಲೇ ಗೊಬ್ಬರಗುಂಡಿಗೆ ಹಾಕಬೇಡಿ. ಬೂದಿಯ ಹೊಟ್ಟೆಯಲ್ಲಿ ಕೆಂಡ ಮಾರನೆಯ ದಿನದವರೆಗೂ ಜೀವ ಇಟ್ಟುಕೊಂಡಿರುತ್ತದೆ. ನೀರು ಚಿಮುಕಿಸಿ, ಕಬ್ಬಿಣದ ಬುಟ್ಟಿಯಲ್ಲಿ ಒಂದು ದಿನ ಇಟ್ಟು ಆಮೇಲೆ ಹಾಕಿ. ಪ್ಲಾಸ್ಟಿಕ್ ಬುಟ್ಟಿ ಆಗದು.

ಅಡಿಕೆ ಬೇಯಿಸುವ ಒಲೆಯ ಹತ್ತಿರ ಜನ ಇರುತ್ತಾರೆ, ಹಾಗಾಗಿ ಆ ಬೆಂಕಿ ಅಷ್ಟಾಗಿ ಕೈಮೀರುವುದಿಲ್ಲ. ಅಲ್ಲಿ ಕೈಕೊಡುವುದು ಕರೆಂಟು. ರಾತ್ರಿ ಸುಲಿಯಲು ದೀಪ ಬೇಕು, ಸುಲಿಯುವ ಯಂತ್ರ ಬಂದ ಮೇಲೆ ಅದಕ್ಕೂ ವೈರು ಬೇಕು. ಮನೆಯ ಬೋರ್ಡಿನಿಂದ ಅಂಗಳಕ್ಕೆ ಎಳೆದ ವೈರಿಗೆ ಮೂರು ಕಡೆ ಜಾಯಿಂಟು, ಜಾಯಿಂಟಿಗೆ ಸುತ್ತಿದ್ದು ಹಾಲಿನ ಪ್ಯಾಕೆಟು! ಮಿಕ್ಕಿದ ವೈರನ್ನು ಸುರುಳಿ ಸುತ್ತಿ ಸಿಪ್ಪೆಯ ರಾಶಿಯ ಮೇಲೆ ಎಸೆದಿರುತ್ತಾರೆ. ಸುರುಳಿ ಸುತ್ತಿದ ವೈರಿನಲ್ಲಿ ಮೋಟಾರಿನ ಲೋಡು ಹರಿದರೆ ಅದು ಬಿಸಿಯಾಗುತ್ತದೆ, ಬಿಚ್ಚಿ ಹರವಬೇಕು. ಇನ್ನು ಫ್ಯೂಸು. ಫ್ಯೂಸು ಹೋಯಿತು ಅಂದರೆ ಎಲ್ಲೋ ತಪ್ಪಾಗಿದೆ ಎಂದು ಅದು ಹೇಳುತ್ತಿದೆ. ಪದೇ ಪದೇ ಹೋಗುತ್ತದೆ ಅಂತ ದಪ್ಪ ತಂತಿ ಸುತ್ತಿದರೆ, ಕೂಗುವ ನಾಯಿಯ ಬಾಯಿ ಕಟ್ಟಿ ಮಲಗಿದ ಹಾಗೆ. ಹಳೆ ಮನೆಗಳಲ್ಲಿ ಮರದ ಪಟ್ಟಿಯ ಮೇಲೆ ಓಡಿಸಿದ ವೈರಿಂಗ್ ಈಗಲೂ ಇದೆ. ಆ ಕಾಲದಲ್ಲಿ ನಾಲ್ಕು ಬಲ್ಬಿಗೆ ಅಂತ ಎಳೆದದ್ದು. ಈಗ ಅದರ ಮೇಲೆಯೇ ಫ್ರಿಜ್ಜು, ಗ್ರೈಂಡರು, ನೀರು ಕಾಯಿಸುವ ರಾಡು. ವೈರಿಂಗ್ ಬದಲಿಸಲು ಸಂಘದಿಂದ ಸಾಲ ಕೇಳಿದರೆ ನಿರ್ದೇಶಕರು ನಗಬಾರದು. ಮನೆ ಸುಟ್ಟ ಮೇಲೆ ಕೊಡುವ ಸಾಲಕ್ಕಿಂತ ಅದು ಚಿಕ್ಕದು, ವಾಪಸು ಬರುವುದೂ ಖಾತ್ರಿ.

ಈಗ ತಾಯಂದಿರು ಸ್ವಲ್ಪ ಗಮನವಿಟ್ಟು ಕೇಳಬೇಕು. ಉರಿ ಇಲ್ಲದೆ, ಹೊಗೆ ಇಲ್ಲದೆ ಪ್ರಾಣ ತೆಗೆಯುವ ಬೆಂಕಿ ಒಂದಿದೆ. ಅದು ಅಗ್ಗಿಷ್ಟಿಕೆಯ ಕೆಂಡ. ಮಲಗುವ ಕೋಣೆಯಲ್ಲಿ, ಅದರಲ್ಲೂ ಬಾಣಂತಿ ಕೋಣೆಯಲ್ಲಿ ಕೆಂಡ ಇಡುವುದು ನಮ್ಮಲ್ಲಿ ಹಿಂದಿನಿಂದ ಬಂದದ್ದು. ತಲೆ ಒಣಗಿಸಲು, ಮಗುವಿನ ಬಟ್ಟೆ ಬೆಚ್ಚಗೆ ಮಾಡಲು, ಸಾಂಬ್ರಾಣಿ ಹಾಕಲು. ಹಿಂದೆ ಮಾಡಿನ ಹೆಂಚಿನ ಸಂದಿಯಲ್ಲಿ, ಗೋಡೆಯ ಮೇಲಿನ ಖಾಲಿಯಲ್ಲಿ ಗಾಳಿ ಆಡುತ್ತಿತ್ತು. ಈಗಿನ ಕೋಣೆಗೆ ತಾರಸಿ, ಗಾಜಿನ ಕಿಟಕಿ, ಬಾಗಿಲ ಕೆಳಗಿನ ಸಂದಿಗೂ ಚಳಿ ಅಂತ ಬಟ್ಟೆ ತುರುಕುತ್ತೇವೆ. ಹೊಗೆ ಇಲ್ಲವಲ್ಲ, ಚೆನ್ನಾಗಿ ಹೊತ್ತಿದ ಕೆಂಡವೇ ಅಲ್ಲವಾ ಅಂತ ನೀವು ಕೇಳಬಹುದು. ಕೆಂಡದಿಂದ ಕಾರ್ಬನ್ ಮಾನಾಕ್ಸೈಡ್ ಅನ್ನುವ ಅನಿಲ ಬರುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಕಣ್ಣು ಉರಿಯುವುದೂ ಇಲ್ಲ. ಅದು ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಜಾಗದಲ್ಲಿ ತಾನು ಕೂತುಬಿಡುತ್ತದೆ. ಮೊದಲು ತಲೆನೋವು, ವಾಕರಿಕೆ, ಮಂಪರು. ಮಲಗಿದವರಿಗೆ ಇದು ಯಾವುದೂ ಗೊತ್ತಾಗುವುದಿಲ್ಲ. ನಾವು ಒಡೆದ ಬಾಗಿಲುಗಳಲ್ಲಿ ಕೆಲವು ಏನೂ ಸುಟ್ಟಿರದ ಕೋಣೆಗಳವು. ಅದನ್ನು ಇಲ್ಲಿಗೆ ನಿಲ್ಲಿಸುತ್ತೇವೆ.

ಹಾಗಾಗಿ ಕೆಂಡ ಬೇಕೇ ಬೇಕು ಅಂದರೆ ಎಚ್ಚರ ಇರುವಾಗ, ಬಾಗಿಲು ತೆರೆದಿಟ್ಟು, ಕೆಲಸ ಆದ ಕೂಡಲೇ ಹೊರಗೆ. ಕೆಂಡ ಕೋಣೆಯಲ್ಲಿಟ್ಟು ಯಾರೂ ನಿದ್ದೆ ಮಾಡಬಾರದು. ಮಗುವಿಗೆ ಬೆಚ್ಚಗಾಗಲು ತಾಯಿಯ ಮೈ, ಟೊಪ್ಪಿ, ಹೊದಿಕೆ ಸಾಕು. ಕೋಣೆಯಲ್ಲಿದ್ದ ಇಬ್ಬರು ಮೂವರಿಗೆ ಒಟ್ಟಿಗೆ ತಲೆನೋವು, ವಾಂತಿ ಅಂದರೆ ಪಿತ್ತ ಅಂತ ಕಷಾಯ ಮಾಡುತ್ತಾ ಕೂರಬೇಡಿ. ಮೊದಲು ಎಲ್ಲರನ್ನೂ ಬಯಲಿಗೆ ತನ್ನಿ, 108ಕ್ಕೆ ಫೋನ್ ಮಾಡಿ, ಅವರಿಗೆ ಆಮ್ಲಜನಕ ಬೇಕಾಗುತ್ತದೆ. ಇದೇ ಮಾತು ಬಚ್ಚಲಮನೆಯ ಗ್ಯಾಸ್ ಗೀಸರಿಗೂ ಹೊಂದುತ್ತದೆ. ಪೇಟೆಯಲ್ಲಿ ಅದರಿಂದ ಸ್ನಾನಕ್ಕೆ ಹೋದವರು ಹೊರಗೆ ಬಾರದ ಸುದ್ದಿ ಪ್ರತಿ ಚಳಿಗಾಲ ಪತ್ರಿಕೆಯಲ್ಲಿ ಓದುತ್ತೇವೆ, ಈಗ ಹಳ್ಳಿಗೂ ಗೀಸರು ಬಂದಿದೆ. ಅದನ್ನು ಬಚ್ಚಲಿನ ಹೊರಗಡೆ ಗಾಳಿ ಆಡುವಲ್ಲಿ ಹಾಕಿಸಿ, ನೀರು ಮಾತ್ರ ಪೈಪಿನಲ್ಲಿ ಒಳಗೆ ಬರಲಿ.

ಗ್ಯಾಸಿನ ಸುದ್ದಿ ಬಂದಿತಲ್ಲ, ಅದನ್ನೂ ಮುಗಿಸಿಬಿಡೋಣ. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೆ ನೀರಿನ ಹಾಗೆ ಹರಡಿ ನಿಲ್ಲುತ್ತದೆ. ವಾಸನೆ ಬಂದರೆ ಸ್ವಿಚ್ಚು ಹಾಕಲೂ ಬೇಡಿ, ಆರಿಸಲೂ ಬೇಡಿ, ಎರಡರಲ್ಲೂ ಕಿಡಿ ಇದೆ. ಪಕ್ಕದ ಬಚ್ಚಲೊಲೆಯ ಬೆಂಕಿ ನೆನಪಿರಲಿ. ರೆಗ್ಯುಲೇಟರ್ ಮುಚ್ಚಿ, ಕಿಟಕಿ ಬಾಗಿಲು ತೆರೆದು, ಹೊರಗೆ ಬಂದು 1906ಕ್ಕೆ ಫೋನ್ ಮಾಡಿ. ಪೈಪಿನ ತುದಿಗೆ ಬೆಂಕಿ ಹತ್ತಿದ್ದರೆ, ಕೈ ಹೋಗುವಂತಿದ್ದರೆ ಒದ್ದೆ ಗೋಣಿ ಹಿಡಿದು ರೆಗ್ಯುಲೇಟರ್ ಮುಚ್ಚಿದರೆ ಅದು ಆರುತ್ತದೆ. ಸಿಲಿಂಡರಿಗೇ ಸುತ್ತ ಬೆಂಕಿ ಆವರಿಸಿದ್ದರೆ ಸಾಹಸ ಬೇಡ, ಎಲ್ಲರೂ ದೂರ ಓಡಿ. ಬಾಣಲೆಯ ಎಣ್ಣೆ ಹೊತ್ತಿಕೊಂಡರೆ ನೀರು ಹಾಕಲೇಬೇಡಿ, ತಟ್ಟೆ ಮುಚ್ಚಿ ಒಲೆ ಆರಿಸಿ.

ಕೊಟ್ಟಿಗೆ ಮತ್ತು ಹುಲ್ಲು. ಗೊಣಬೆ ಮನೆಗೆ ತಾಗಿ ಇರಬಾರದು, ಕೊಟ್ಟಿಗೆಗೂ ತಾಗಿ ಇರಬಾರದು, ಕರೆಂಟು ತಂತಿಯ ಕೆಳಗಂತೂ ಕೂಡದು. ದೂರ ಇಟ್ಟರೆ ಹೊತ್ತು ತರುವುದು ಕಷ್ಟ ಅನ್ನುತ್ತೀರಿ, ಕಷ್ಟವೇ. ಜಾಗವೇ ಇಲ್ಲ ಅನ್ನುವವರು ಒಂದೇ ದೊಡ್ಡ ಗೊಣಬೆಯ ಬದಲು ಎರಡು ಚಿಕ್ಕದು ಮಾಡಿ, ನಡುವೆ ಅಂತರ ಬಿಟ್ಟು ಒಟ್ಟಿ. ಒಂದು ಹೋದರೂ ವರ್ಷದ ಮೇವು ಅರ್ಧ ಉಳಿಯುತ್ತದೆ. ಅಕಾಲದ ಮಳೆಗೆ ನೆನೆದ ಹುಲ್ಲನ್ನು ಒಣಗಿಸದೆ ಒಟ್ಟಿದರೆ ಒಳಗೊಳಗೇ ಕಾವು ಏಳುತ್ತದೆ, ಗೊಬ್ಬರಗುಂಡಿಯ ಕಾವು ಇದ್ದ ಹಾಗೆ. ಆ ಕಾವು ಹೆಚ್ಚಿ ಯಾರೂ ಬೆಂಕಿ ಇಡದೆಯೇ ಹೊತ್ತಿಕೊಂಡೀತು. ಆಗ "ಯಾರೋ ಆಗದವರು ಇಟ್ಟರು" ಅಂತ ಊರಿನಲ್ಲಿ ಎರಡು ಪಾರ್ಟಿ ಆಗುತ್ತದೆ! ಒಂದು ಕಬ್ಬಿಣದ ಸರಳು ಗೊಣಬೆಯ ಹೊಟ್ಟೆಗೆ ಚುಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಎಳೆದು ನೋಡಿ. ಕೈಗೆ ಹಿಡಿಯಲಾರದಷ್ಟು ಸುಟ್ಟರೆ ಗೊಣಬೆ ಒಳಗೆ ಬೇಯುತ್ತಿದೆ ಅಂತ ಅರ್ಥ. ಆಗ ಅವಸರದಲ್ಲಿ ಎಳೆದು ಹರಡಬೇಡಿ, ಗಾಳಿ ತಾಗಿದ ಕೂಡಲೇ ಭಗ್ಗೆನ್ನುತ್ತದೆ. ನೀರು ಸಿದ್ಧ ಇಟ್ಟುಕೊಂಡು, ನಾಲ್ಕು ಜನ ಸೇರಿ, ಸ್ವಲ್ಪ ಸ್ವಲ್ಪವೇ ಬಿಚ್ಚಬೇಕು.

ದನಗಳ ವಿಷಯ ಹೇಳಲು ನಮಗೇ ಸಂಕಟ. ಕೊಟ್ಟಿಗೆಯ ಬೆಂಕಿಯಲ್ಲಿ ದನ ಸಾಯುವುದು ಹಗ್ಗದಿಂದ. ಗಂಟು ಬಿಗಿದಿರುತ್ತದೆ, ಕತ್ತಲು, ಹೊಗೆ, ಬಿಚ್ಚುವವರ ಕೈ ನಡುಗುತ್ತದೆ. ಎಳೆದರೆ ಬಿಚ್ಚಿಕೊಳ್ಳುವ ಜಾರುಗಂಟು ಹಾಕಿ, ಬಾಗಿಲ ಹೊರಗೆ ಮೊಳೆಗೆ ಒಂದು ಕತ್ತಿ ತೂಗುಹಾಕಿಡಿ. ಬೆದರಿದ ದನ ತನ್ನಷ್ಟಕ್ಕೆ ಹೊರಗೆ ಬರಲು ಹಿಂಜರಿಯುತ್ತದೆ, ಒಮ್ಮೆ ಬಂದದ್ದು ತಿರುಗಿ ಅಲ್ಲಿಗೇ ಓಡಿದ್ದೂ ಉಂಟು. ಮುಖಕ್ಕೆ ಗೋಣಿ ಮುಚ್ಚಿ ನಡೆಸಿ ತಂದು ದೂರ ಕಟ್ಟಬೇಕು. ಸೊಳ್ಳೆ ಹೊಗೆಯನ್ನು ಹಳೆ ಬಾಂಡ್ಲಿಯಲ್ಲಿ, ಕೊಟ್ಟಿಗೆಯ ಹೊರಗೆ ಗಾಳಿ ಬರುವ ದಿಕ್ಕಿನಲ್ಲಿ ಹಾಕಿ, ಮಲಗುವ ಮೊದಲು ನಂದಿಸಿ.

ಇಷ್ಟೆಲ್ಲ ಮಾಡಿದರೂ ಬೆಂಕಿ ಬೀಳಬಹುದು. ಬಿದ್ದಾಗ ಏನು? ಇದೇ ನಾವು ಮುಖ್ಯವಾಗಿ ಹೇಳಲು ಬಂದದ್ದು.

ಇಲಾಖೆಯಿಂದ ಹಂಚುತ್ತಿದ್ದ ಕೆಲವು ಪೋಸ್ಟರುಗಳಲ್ಲಿ "ಲಿಫ್ಟ್ ಬಳಸಬೇಡಿ" ಅಂತ ಇರುತ್ತಿತ್ತು. ಈ ಊರಲ್ಲಿ ಮೇಲೆ ಕೆಳಗೆ ಹೋಗುವ ಯಂತ್ರ ಅಂದರೆ ಬಾವಿಯ ಗಡಗಡೆ ಒಂದೇ. ಪೇಟೆಯ ಬೆಂಕಿಗೂ ಹಳ್ಳಿಯ ಬೆಂಕಿಗೂ ಇರುವ ವ್ಯತ್ಯಾಸ ದೂರದ್ದು. ಠಾಣೆ ತಾಲ್ಲೂಕು ಕೇಂದ್ರದಲ್ಲಿ. ಅಲ್ಲಿಂದ ಇಲ್ಲಿಗೆ ತಿರುವುಮುರುವಿನ ರಸ್ತೆ, ನೀರು ತುಂಬಿದ ಗಾಡಿ ಏರಿನಲ್ಲಿ ತೆವಳಿಕೊಂಡು ಬರಬೇಕು. ಫೋನ್ ಬಂದ ಕೂಡಲೇ ಹೊರಟರೂ ಮುಕ್ಕಾಲು ಗಂಟೆ ಬೇಕು. ಹೆಂಚಿನ ಮಾಡಿನ ಮರದ ಮನೆ ಕುಸಿಯಲು ಅಷ್ಟು ಹೊತ್ತು ಬೇಡ. ಗಾಡಿ ಬಂದು ನಿಂತಾಗ "ಈಗ ಬಂದಿರಾ?" ಅಂತ ಜನ ಸಿಟ್ಟಾಗುತ್ತಾರೆ. ಸಿಟ್ಟು ನ್ಯಾಯವೇ, ಆದರೆ ಅದರಿಂದ ರಸ್ತೆ ಗಿಡ್ಡವಾಗುವುದಿಲ್ಲ. ಆ ಮುಕ್ಕಾಲು ಗಂಟೆ ನಮ್ಮ ಕೈಯಲ್ಲಿಲ್ಲ, ಊರಿನ ಕೈಯಲ್ಲಿದೆ.

ಮೊದಲನೆಯದು ಕೂಗು. ಆರಿಸಿ ನೋಡಿ ಆಮೇಲೆ ಹೇಳೋಣ ಅನ್ನುವ ಸಂಕೋಚ ಬೇಡ. ಒಬ್ಬರು 101 ಅಥವಾ 112ಕ್ಕೆ ಫೋನ್ ಮಾಡಿ. ಊರಿನ ಹೆಸರು, ಹೋಬಳಿ, ಮುಖ್ಯರಸ್ತೆಯಿಂದ ತಿರುಗುವ ಜಾಗದ ಗುರುತು, ಏನು ಉರಿಯುತ್ತಿದೆ, ಒಳಗೆ ಯಾರಾದರೂ ಇದ್ದಾರಾ, ಇಷ್ಟು ಹೇಳಿ. ನಮ್ಮಲ್ಲಿ ಒಂದೇ ಹೆಸರಿನ ಊರು ಹೋಬಳಿಗೊಂದು ಇರುತ್ತದೆ, ಬರೀ ಹೆಸರು ಹೇಳಿ ಫೋನ್ ಇಟ್ಟರೆ ಗಾಡಿ ಇನ್ನೊಂದು ಊರಿಗೆ ಹೋಗಿ ನಿಲ್ಲುತ್ತದೆ. ಒಬ್ಬ ಹುಡುಗ ಬೈಕಿನಲ್ಲಿ ಟಾರ್ಚು ಹಿಡಿದು ತಿರುವಿನಲ್ಲಿ ನಿಲ್ಲಲಿ. ನೆಟ್‌ವರ್ಕು ಯಾವ ಗುಡ್ಡದ ಮೇಲೆ ಸಿಗುತ್ತದೆ ಎಂದು ನಿಮಗೆ ನಮಗಿಂತ ಚೆನ್ನಾಗಿ ಗೊತ್ತು.

ಅಷ್ಟರಲ್ಲಿ ಮನೆಯವರು ಹೊರಗೆ ಬರಬೇಕು. ಬೆಂಕಿಗಿಂತ ಮೊದಲು ಕೊಲ್ಲುವುದು ಹೊಗೆ. ಹೊಗೆ ಮೇಲೆ ತುಂಬುತ್ತದೆ, ನೆಲದ ಹತ್ತಿರ ಉಸಿರಾಡುವ ಗಾಳಿ ಇರುತ್ತದೆ, ಅಂಬೆಗಾಲಿಟ್ಟು ಬನ್ನಿ. ಹಿತ್ತಿಲ ಬಾಗಿಲಿಗೆ ರಾತ್ರಿ ಬೀಗ ಹಾಕಿ ಕೀಲಿಯನ್ನು ದಿಂಬಿನ ಕೆಳಗೆ ಇಟ್ಟುಕೊಳ್ಳುವ ಯಜಮಾನರು ದಯವಿಟ್ಟು ಅದನ್ನು ಬಾಗಿಲ ಪಕ್ಕದ ಮೊಳೆಗೆ ಹಾಕಿ. ಕಿಟಕಿಗೆಲ್ಲ ಸರಳು ಇರುವ ಮನೆಯಲ್ಲಿ ಎರಡನೆಯ ದಾರಿ ಅದೊಂದೇ. ನಡೆಯಲಾಗದ ಅಜ್ಜ ಅಜ್ಜಿ ಇದ್ದರೆ ಅವರನ್ನು ಯಾರು ಎತ್ತಿಕೊಳ್ಳಬೇಕು ಅನ್ನುವುದು ಇವತ್ತೇ ತೀರ್ಮಾನ ಆಗಿರಲಿ. ಅಂಗಳಕ್ಕೆ ಬಂದು ತಲೆ ಎಣಿಸಿ. ಆಮೇಲೆ ಏನೇ ಆದರೂ ತಿರುಗಿ ಒಳಗೆ ಹೋಗಬೇಡಿ. ಟ್ರಂಕಿನಲ್ಲಿ ಬಂಗಾರ ಇದೆ, ಅಡಿಕೆ ಮಾರಿದ ದುಡ್ಡಿದೆ ಅಂತ ಹೋದವರ ಮೇಲೆ ಮಾಡು ಕುಸಿದಿದೆ. ಇದೇ ಸಂಘದ ಲಾಕರಿನಲ್ಲಿ ಇಟ್ಟಿದ್ದರೆ ಯಾರೂ ಒಳಗೆ ಓಡುವ ಪ್ರಮೇಯ ಇರುತ್ತಿರಲಿಲ್ಲ. ಇದು ಠೇವಣಿಗೆ ಪ್ರಚಾರ ಅಂತ ತಿಳಿಯಬೇಡಿ!

ಮೈಮೇಲಿನ ಬಟ್ಟೆಗೆ ಹತ್ತಿದರೆ ಓಡಬಾರದು, ಓಡಿದಷ್ಟೂ ಗಾಳಿ ಸಿಕ್ಕಿ ಉರಿ ಏಳುತ್ತದೆ. ನೆಲಕ್ಕೆ ಬಿದ್ದು ಉರುಳಬೇಕು, ನೋಡಿದವರು ಕಂಬಳಿ ಸುತ್ತಬೇಕು. ಕುರಿ ಉಣ್ಣೆಯ ಕರಿ ಕಂಬಳಿ ಸುಲಭಕ್ಕೆ ಹೊತ್ತಿಕೊಳ್ಳುವುದಿಲ್ಲ. ಈಗಿನ ಮಿಂಚುವ ರಗ್ಗು ಕರಗಿ ಮೈಗೆ ಅಂಟುತ್ತದೆ. ಮಳೆಗಾಲಕ್ಕೆ ಹೊದ್ದ ಹಳೆ ಕಂಬಳಿ ಎಸೆಯದೆ ಬಾಗಿಲ ಮೂಲೆಯಲ್ಲಿ ಇಡಿ. ಸುಟ್ಟ ಜಾಗಕ್ಕೆ ಶಾಯಿ, ಹಲ್ಲುಜ್ಜುವ ಪೇಸ್ಟು, ಅರಿಶಿನ ಏನೂ ಬೇಡ. ಹರಿಯುವ ತಣ್ಣೀರನ್ನು ಇಪ್ಪತ್ತು ನಿಮಿಷ ಬಿಡಿ. ಇಪ್ಪತ್ತು ನಿಮಿಷ ಅಂದರೆ ಗಡಿಯಾರ ನೋಡಿ ಇಪ್ಪತ್ತು ನಿಮಿಷ. ಬಳೆ, ಉಂಗುರವನ್ನು ಊತ ಬರುವ ಮೊದಲೇ ತೆಗೆಯಿರಿ, ಬೊಬ್ಬೆ ಒಡೆಯಬೇಡಿ, ಶುಭ್ರ ಹತ್ತಿ ಬಟ್ಟೆ ಸಡಿಲವಾಗಿ ಮುಚ್ಚಿ ಆಸ್ಪತ್ರೆಗೆ ಹೊರಡಿ.

ಇನ್ನು ನೀರು. ನಮ್ಮ ದೊಡ್ಡ ಗಾಡಿಯಲ್ಲಿ ಹಿಡಿಯುವುದು ಸುಮಾರು 4,500 ಲೀಟರ್. ಎರಡು ಪೈಪು ಬಿಟ್ಟರೆ ಕೆಲವೇ ನಿಮಿಷದ ಮಾತು. ಆಮೇಲೆ ನಾವು ಕೇಳುವ ಮೊದಲ ಪ್ರಶ್ನೆ, "ನೀರು ಎಲ್ಲಿದೆ?" ಕೆರೆ, ಕೃಷಿ ಹೊಂಡ ಎಲ್ಲ ಇರುತ್ತದೆ, ಗಾಡಿ ಹೋಗುವ ದಾರಿಗೆ ಬೇಲಿ ಹಾಕಿರುತ್ತಾರೆ. ಮನೆಯ ಪಂಪು ಹಾಕೋಣ ಅಂದರೆ ಮೇನ್ ಸ್ವಿಚ್ ತೆಗೆಯಲೇಬೇಕು, ತೆಗೆದರೆ ಪಂಪಿಗೆ ಕರೆಂಟು ಇಲ್ಲ. ಕೊಡಪಾನದಲ್ಲಿ ಹೊತ್ತು ಹಾಕಿದ ನೀರು ಮಾಡಿನವರೆಗೆ ಏರುವುದಿಲ್ಲ.

ಆದರೆ ಮಹನೀಯರೇ, ಕರೆಂಟು ಇಲ್ಲದೆ ನೀರನ್ನು ಮಾಡಿನಷ್ಟು ಎತ್ತರಕ್ಕೆ, ಅದಕ್ಕಿಂತ ಮೇಲಕ್ಕೂ ಹಾರಿಸುವ ಯಂತ್ರ ಈ ಊರಿನಲ್ಲಿ ಆಗಲೇ ಇದೆ. ಒಂದಲ್ಲ, ಹಲವು. ಕೊಳೆರೋಗಕ್ಕೆ ಮೈಲುತುತ್ತ ಸುಣ್ಣದ ಬೋರ್ಡೋ ದ್ರಾವಣ ಹೊಡೆಯುವ ಪವರ್ ಸ್ಪ್ರೇಯರ್! ಪೆಟ್ರೋಲಿನಲ್ಲೋ ಡೀಸೆಲ್ಲಿನಲ್ಲೋ ಓಡುತ್ತದೆ, ಜೊತೆಗೆ ನೂರಾರು ಅಡಿ ಪೈಪಿದೆ, ಅದನ್ನು ಹಿಡಿದು ಗುರಿಯಿಟ್ಟು ಹೊಡೆಯುವ ಕೈಗಳೂ ಇವೆ. ಮಳೆಗಾಲ ಮುಗಿದ ಮೇಲೆ ಏನು ಮಾಡುತ್ತೇವೆ? ಪೈಪು ಸುತ್ತಿ ಕೊಟ್ಟಿಗೆಯ ಅಟ್ಟಕ್ಕೆ ಏರಿಸುತ್ತೇವೆ, ಮುಂದಿನ ಆಷಾಢದವರೆಗೆ ಅದರ ಮುಖ ನೋಡುವುದಿಲ್ಲ. ಅಂದರೆ ಬೆಂಕಿಯ ಹಂಗಾಮು ಶುರುವಾಗುವ ಹೊತ್ತಿಗೆ ಸರಿಯಾಗಿ ನಮ್ಮ ಬೆಂಕಿ ಯಂತ್ರ ಒಣಹುಲ್ಲಿನ ಪಕ್ಕದಲ್ಲಿ ನಿದ್ದೆಗೆ ಹೋಗುತ್ತದೆ.

ಹೆಚ್ಚು ಆಸೆ ಹುಟ್ಟಿಸಬಾರದು. ಸ್ಪ್ರೇಯರಿನ ನೀರು ತೆಳು, ಪೂರ್ತಿ ಹೊತ್ತಿದ ಮನೆ ಅದರಿಂದ ಆರುವುದಿಲ್ಲ. ಬಚ್ಚಲಿನಲ್ಲೇ ಇರುವ ಬೆಂಕಿಯನ್ನು ಮಾಡಿಗೆ ಏರದಂತೆ ತಡೆಯಬಹುದು. ಪಕ್ಕದ ಮನೆಯ ಮಾಡು, ಕೊಟ್ಟಿಗೆ, ಗೊಣಬೆಯನ್ನು ನೆನೆಸಿ ಉಳಿಸಬಹುದು. ಮನೆ ಮನೆ ತಾಗಿರುವ ಕೇರಿಯಲ್ಲಿ ಒಂದು ಹೋಗುವುದಕ್ಕೂ ಆರು ಹೋಗುವುದಕ್ಕೂ ಇರುವ ಅಂತರ ಇದೇ. ಮೇನ್ ಸ್ವಿಚ್ ತೆಗೆದದ್ದು ಖಾತ್ರಿಯಾದ ಮೇಲೆಯೇ ನೀರು ಹೊಡೆಯಬೇಕು. ಕಂಬದ ತಂತಿಗೆ ಲೈನ್‌ಮನ್ ಅವರೇ ಬರಬೇಕು, ಅವರ ನಂಬರು ಸಂಘದ ಗೋಡೆಯ ಮೇಲೆ ಬರೆದಿರಲಿ.

ಬೆಂಕಿ ಆರಿದ ಮೇಲಿನ ವಿಷಯ ಎರಡೇ ಮಾತು. ತೊಲೆ, ಪಕಾಸಿಯ ಒಳಗೆ ಕೆಂಡ ಉಳಿದಿರುತ್ತದೆ, ಆ ರಾತ್ರಿ ಪೂರ್ತಿ ಇಬ್ಬರು ಕಾವಲು ಇರಬೇಕು. ಬೂದಿ ಗುಡಿಸುವ ಮೊದಲು ಫೋಟೋ ತೆಗೆಸಿ, ಪೊಲೀಸು, ಕಂದಾಯ ಇಲಾಖೆಯವರಿಂದ ಪಂಚನಾಮೆ ಆಗಲಿ. ಸರ್ಕಾರದ ವಿಪತ್ತು ಪರಿಹಾರದ ಪಟ್ಟಿಯಲ್ಲಿ ಬೆಂಕಿಯೂ ಸೇರಿದೆ. ಗ್ಯಾಸಿನ ಅನಾಹುತವಾದರೆ ವಿತರಕರಿಗೆ ಬರವಣಿಗೆಯಲ್ಲಿ ತಿಳಿಸಿ, ತೈಲ ಕಂಪನಿಗಳು ಮಾಡಿಸಿರುವ ವಿಮೆ ಇದೆ. ವಿಮೆ ಮಾಡಿಸಿದ ದನ ಸತ್ತಿದ್ದರೆ ಕಿವಿಯ ಓಲೆ ತೆಗೆಯಬೇಡಿ, ಪಶುವೈದ್ಯರು ನೋಡುವವರೆಗೆ ಹೂಳಬೇಡಿ.

ಕೊನೆಗೆ ಸಂಘದ ವಿಷಯ. ಗದಗ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಊರವರನ್ನು ಸೇರಿಸಿ ಪತ್ತಿನ ಸಂಘ ಕಟ್ಟಿದಾಗ ಹಳ್ಳಿಯಲ್ಲಿ ದುಡ್ಡೇ ಇರಲಿಲ್ಲ ಅಂತಲ್ಲ. ಒಬ್ಬೊಬ್ಬರ ಹತ್ತಿರ ಚೂರು ಚೂರು ಇದ್ದದ್ದು ಒಟ್ಟಾಗಿರಲಿಲ್ಲ. ನಿಮ್ಮ ಸ್ಪ್ರೇಯರುಗಳೂ ಹಾಗೇ ಇವೆ. ಬೆಳ್ಳಿಹಬ್ಬದ ನಿಧಿಯಿಂದ ರಸ್ತೆಗೆ ಕಮಾನು ಕಟ್ಟಿಸುವ ಆಲೋಚನೆ ಇದೆ ಅಂತ ಕೇಳಿದೆವು. ಕಟ್ಟಿಸಿ, ಬೇಡ ಅನ್ನಲು ನಾವು ಯಾರು? ಆದರೆ ನಮ್ಮ ಗಾಡಿ ಹೋಗುವಷ್ಟು ಎತ್ತರ, ಅಗಲ ಇಟ್ಟು ಕಟ್ಟಿಸಿ! ಅದರ ಒಂದು ಚಿಕ್ಕ ಪಾಲಿನಲ್ಲಿ ಇಷ್ಟು ಆಗುತ್ತದೆ: ಗೋದಾಮಿನ ಮುಂದಿನ ಕೋಣೆಯಲ್ಲಿ ಒಂದು ಒಳ್ಳೆಯ ಸ್ಪ್ರೇಯರು, ಉದ್ದ ಪೈಪು, ಒಂದು ಏಣಿ, ಕೊಕ್ಕೆ ಇರುವ ಎರಡು ಗಳ, ನಾಲ್ಕು ದೊಡ್ಡ ಟಾರ್ಚು, ಒಣ ಪುಡಿಯ ಎರಡು ಆರಿಸುವ ಸಿಲಿಂಡರು. ಕೋಣೆಯ ಕೀಲಿ ಕಾರ್ಯದರ್ಶಿಗಳ ಮನೆಯಲ್ಲೊಂದು, ಪಕ್ಕದ ಮನೆಯಲ್ಲೊಂದು. ಮಿಕ್ಕ ಸ್ಪ್ರೇಯರು ಇದ್ದವರು ಮೈಲುತುತ್ತ ತೊಳೆದು, ಪೆಟ್ರೋಲು ಕ್ಯಾನು ಬೇರೆ ಕಡೆ ಇಟ್ಟು, ಯಂತ್ರವನ್ನು ಅಟ್ಟದಿಂದ ಇಳಿಸಿ ಜಗುಲಿಯ ಕೆಳಗೆ ಇಡಬೇಕು. ಹದಿನೈದು ದಿನಕ್ಕೊಮ್ಮೆ ಸ್ಟಾರ್ಟು ಮಾಡಿ ನೋಡಬೇಕು. ದೀಪಾವಳಿಯಿಂದ ಯುಗಾದಿವರೆಗೆ, ಅಷ್ಟೇ.

ನಿರ್ದೇಶಕರು ಒಪ್ಪಿದರೆ ಬರುವ ಭಾನುವಾರ ಬೆಳಗ್ಗೆ ಎಂಟಕ್ಕೆ ನಾವು ಮೂವರು ಬರುತ್ತೇವೆ. ಶಾಲೆ ಬಯಲಿನಲ್ಲಿ ಒಂದು ಹೊರೆ ಸೋಗೆ ಹೊತ್ತಿಸಿ, ನಿಮ್ಮದೇ ಯಂತ್ರದಲ್ಲಿ ಆರಿಸಿ ತೋರಿಸುತ್ತೇವೆ. ಹೆಂಗಸರೂ ಪೈಪು ಹಿಡಿಯಬೇಕು, ಹಗಲು ಬೆಂಕಿ ಬಿದ್ದಾಗ ಮನೆಯಲ್ಲಿ ಇರುವವರು ಅವರೇ. ಸ್ಪ್ರೇಯರ್ ತರುವವರು ಊಟ ಆದ ಮೇಲೆ ಕಾರ್ಯದರ್ಶಿಗಳ ಹತ್ತಿರ ಹೆಸರು ಬರೆಸಿ ಹೋಗಿ.